ಸಿಂಗಪುರದಲ್ಲಿ ದಿನಕ್ಕೆ ಹನ್ನೊಂದು ಹೂವು

ವಿಮಾನ ನಿಲ್ದಾಣ

ಸಿಂಗಪುರದಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆ ನಾನು ಒಂದು ಕಾಂಪೌಂಡ್ ಗೋಡೆಯ ವಿಷಯ ಹೇಳುತ್ತೇನೆ. ಅವರಿಗೆ ನಿರಾಸೆಯಾಗುತ್ತದೆ. ನೀರು ಉಗುಳುವ ಸಿಂಹ, ಮಾಳಿಗೆಯ ಮೇಲಿನ ಈಜುಕೊಳ, ಗಾಜಿನ ಮನೆಯೊಳಗೆ ಬೆಳೆಸಿದ ಕಾಡು, ಎಲ್ಲವನ್ನೂ ನೋಡಿದ್ದೇನೆ, ಫೋಟೊಗಳೂ ಇವೆ. ಆದರೆ ಆ ಮೂರು ವಾರಗಳಲ್ಲಿ ನನ್ನ ಊಟ, ನಿದ್ದೆ, ಪೂಜೆ ಮೂರನ್ನೂ ಕೆಡಿಸಿ ಮತ್ತೆ ಸರಿಮಾಡಿದ್ದು ಆ ಗೋಡೆ ಒಂದೇ.

ನನ್ನ ತಂಗಿ ಶೈಲಾ ಗಂಡ ಮಹೇಶ ಮತ್ತು ಮಗಳು ನಿಧಿಯ ಜೊತೆ ಅಲ್ಲಿದ್ದು ಒಂಬತ್ತು ವರ್ಷವಾಯಿತು. ಪ್ರತಿ ವರ್ಷ ಕರೆಯುತ್ತಿದ್ದಳು, ಪ್ರತಿ ವರ್ಷ ಏನೋ ಒಂದು ಅಡ್ಡ ಬರುತ್ತಿತ್ತು. ಈ ಸಲ ನಮ್ಮ ಯಜಮಾನರೇ ಮನಸ್ಸು ಮಾಡಿದರು. "ನನಗೆ ಒಂದೇ ಕಡೆ ಎರಡು ಗಂಟೆ ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ. ನೀನು ಹೋಗ್ಬಾರೇ. ಗಿಡಕ್ಕೆ ನೀರು ಹಾಕ್ಕೊಂಡು ನಾನಿರ್ತೀನಿ" ಅಂದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಗಿಡಕ್ಕೆ ನೀರು ಹಾಕುತ್ತೇನೆ ಎಂದು ಅವರಾಗಿಯೇ ಹೇಳಿದ್ದು ಅದೇ ಮೊದಲು. ಯಾತ್ರೆಗೆ ಶುಭಶಕುನವೆಂದು ತಿಳಿದು ಹೊರಟೆ.

"ಎಲೆ, ಹೂವು, ಬೀಜ ಏನೂ ತರಬೇಡ ಕಣಕ್ಕ. ಇಲ್ಲಿ ಏರ್‌ಪೋರ್ಟಲ್ಲಿ ಹಿಡೀತಾರೆ" ಎಂದು ಶೈಲಾ ಮೊದಲೇ ಹೇಳಿದ್ದಳು. ಹಾಗಾಗಿ ಬಿಲ್ವಪತ್ರೆ ಬಸವೇಶ್ವರನಗರದಲ್ಲೇ ಉಳಿಯಿತು. ನನ್ನದು ಲಿಂಗಪೂಜೆ ಮುಗಿಸದೆ ಕಾಫಿ ಲೋಟ ಮುಟ್ಟದ ಅಭ್ಯಾಸ. ಇಷ್ಟಲಿಂಗ ಕೊರಳಲ್ಲೇ ಇತ್ತು, ಅದರ ಚಿಂತೆಯಿರಲಿಲ್ಲ. ವಿಭೂತಿ ಗಟ್ಟಿಗಳನ್ನು ಮಾತ್ರ ಕಾಗದದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ.

ಇಳಿದ ಮೇಲೆ ಒಬ್ಬ ಅಧಿಕಾರಿ ಆ ಪೊಟ್ಟಣ ಬಿಚ್ಚಿ, ಬೆಳ್ಳಗಿನ ನಾಲ್ಕು ಗಟ್ಟಿ ನೋಡಿ, ಇದೇನು ಎಂದು ಕೇಳಿದ. ನನಗೆ ತಕ್ಷಣ ಬಾಯಿಗೆ ಬಂದ ಇಂಗ್ಲಿಷು "ಗಾಡ್ ಪೌಡರ್". ಅದನ್ನು ಹೇಳಬಾರದಿತ್ತು. ಅವನ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಇನ್ನು ಮಾತಿನಿಂದ ಪ್ರಯೋಜನವಿಲ್ಲವೆಂದು ಒಂದು ಗಟ್ಟಿಗೆ ಮೂರು ಬೆರಳು ಉಜ್ಜಿ, ಅವನೆದುರಿಗೇ ಹಣೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟಾಗ ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಡುತ್ತಿದ್ದ. ನನ್ನ ಹಿಂದಿನವರ ಉಪ್ಪಿನಕಾಯಿ ಬಾಟಲಿಗೆ ಅಷ್ಟು ಮರ್ಯಾದೆ ಸಿಗಲಿಲ್ಲ. ಶಿವ ದೊಡ್ಡವನು.

ಬೀದಿ

ಶೈಲಾಳ ಮನೆ ಇರುವ ಬೀದಿ ಬಹಳ ದೊಡ್ಡವರ ಬೀದಿ. ಇವಳು ದೊಡ್ಡವಳಲ್ಲ. ಒಂದು ಹಳೆಯ ಬಂಗಲೆಯ ಹಿತ್ತಲಲ್ಲಿ ಎರಡು ಕೋಣೆಯ ಪುಟ್ಟ ಮನೆಯಿದೆ, ಅದನ್ನು ಬಾಡಿಗೆಗೆ ಹಿಡಿದಿದ್ದಾಳೆ. ಮುಂದಿನ ಬಂಗಲೆಯಲ್ಲಿ ಮನೆ ಒಡತಿ, ಎಪ್ಪತ್ತು ದಾಟಿದ ಚೀನೀ ಹೆಂಗಸು, ಗೋ ಮೇಡಂ ಇರುತ್ತಾರೆ. ಅವರ ಗೇಟು ಮುಂದಿನ ಬೀದಿಗೆ, ಇವಳ ಬಾಗಿಲು ಹಿಂದಿನ ಓಣಿಗೆ. ನಡುವೆ ಎತ್ತರದ ಬೇಲಿ.

ಆ ಬೀದಿಯಿಂದ ಇನ್ನೂರು ಹೆಜ್ಜೆ ನಡೆದರೆ ಸಿಂಗಪುರದ ಅತಿ ದೊಡ್ಡ ಅಂಗಡಿ ಸಾಲು, ಆರ್ಚರ್ಡ್ ರಸ್ತೆ. ಅಲ್ಲಿ ಜಾತ್ರೆಯಂಥ ಜನ. ಇಲ್ಲಿ ತಿರುಗಿದರೆ ಎಲೆ ಬಿದ್ದರೂ ಕೇಳಿಸುತ್ತದೆ. ಬೆಂಗಳೂರಿನ ನಮ್ಮ ರಸ್ತೆಯಲ್ಲಿ ಬೆಳಗ್ಗೆ ಐದಕ್ಕೆ ಹಾಲಿನ ಗಾಡಿ, ಆರಕ್ಕೆ ಸೊಪ್ಪಿನವಳು, ಏಳಕ್ಕೆ ಎದುರು ಮನೆಯ ಸ್ಕೂಟರು ಶುರುವಾಗದೆ ಕೆಮ್ಮುವುದು, ಎಂಟಕ್ಕೆ ಹಳೇ ಪೇಪರಿನವನ ಕೂಗು. ಗಡಿಯಾರ ಇಲ್ಲದಿದ್ದರೂ ಅಡುಗೆ ಆಗುತ್ತದೆ. ಅಲ್ಲಿ ಗಡಿಯಾರವಿದ್ದರೂ ಹೊತ್ತು ತಿಳಿಯುವುದಿಲ್ಲ. ಎತ್ತರದ ಗೇಟುಗಳು, ಅವುಗಳ ಹಿಂದೆ ಮರಗಳು, ಮರಗಳ ಹಿಂದೆ ಎಲ್ಲೋ ಮನೆಗಳು. ನಾಯಿಗಳನ್ನು ಮನೆಗೆಲಸದ ಹುಡುಗಿಯರು ತಿರುಗಾಡಿಸುತ್ತಾರೆ. ಮೊದಲ ದಿನ ನಾನು ಆರು ನಾಯಿ ನೋಡಿದೆ, ಒಬ್ಬರೇ ಒಬ್ಬರು ಯಜಮಾನರನ್ನು ನೋಡಲಿಲ್ಲ.

"ಇಷ್ಟು ಒಳ್ಳೇ ಗೇಟು ಇಟ್ಕೊಂಡು ಯಾರೂ ಗೇಟಲ್ಲಿ ನಿಲ್ಲೋದೇ ಇಲ್ವಲ್ಲೇ" ಅಂದೆ.

"ಮೆಲ್ಲಗೆ ಮಾತಾಡಕ್ಕ" ಎಂದಳು ಶೈಲಾ.

ಅವಳಿಗೆ ಮೆಲ್ಲಗೆ ಮಾತಾಡುವುದು ಅಭ್ಯಾಸವಾಗಿತ್ತು. ಸಂಜೆ ಟೀ ಕುಡಿಯುವಾಗ ಕಾರಣ ಹೇಳಿದಳು. ಮನೆಯ ಕರಾರು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಗೋ ಮೇಡಂ ಮುಂದಿನ ಬುಧವಾರ ಬಂದು, ಮತ್ತೆ ಎರಡು ವರ್ಷ ಕೊಡುತ್ತೇನೆ ಅಥವಾ ಇಲ್ಲ ಎಂದು ಹೇಳುವವರಿದ್ದರು. ಮನೆಗಾಗಿ ಇನ್ಯಾರೋ ಕೇಳಿದ್ದಾರೆಂಬ ಸುದ್ದಿ ಬೇರೆ. ನಿಧಿಗೆ ಅಕ್ಟೋಬರಿನಲ್ಲಿ ದೊಡ್ಡ ಪರೀಕ್ಷೆ. ಶಾಲೆ ಹತ್ತು ನಿಮಿಷದ ನಡಿಗೆ. ಈ ಮನೆ ಹೋದರೆ ಇಷ್ಟು ಬಾಡಿಗೆಗೆ ಊರಿನ ಇನ್ನೊಂದು ಕೊನೆಗೇ ಹೋಗಬೇಕು, ಅದೂ ಪರೀಕ್ಷೆಯ ಹೊಸ್ತಿಲಲ್ಲಿ.

"ಬುಧವಾರದ ತನಕ ನಾವು ಇಲ್ಲಿ ಇದೀವಿ ಅಂತಾನೇ ಯಾರಿಗೂ ಗೊತ್ತಾಗಬಾರದು, ಅಷ್ಟು ನೀಟಾಗಿರ್ಬೇಕು" ಎಂದಳು.

ನಾನು ತಲೆಯಾಡಿಸಿದೆ. ನನ್ನಿಂದ ಯಾರಿಗೆ ಏನು ತೊಂದರೆ ಅಂದುಕೊಂಡೆ.

ದೊಡ್ಡ ರಸ್ತೆ

ನಾಳೆಯ ಪೂಜೆಗೆ ಹೂವು ಎಲ್ಲಿ ಎಂದು ಕೇಳಿದ್ದಕ್ಕೆ ಶೈಲಾ ಫ್ರಿಜ್ಜಿನ ಬಾಗಿಲು ತೆಗೆದಳು. ಭಾನುವಾರ ರೈಲಿನಲ್ಲಿ ಹೋಗಿ ನಮ್ಮವರ ಅಂಗಡಿ ಬೀದಿಯಿಂದ ತಂದ ಮಲ್ಲಿಗೆ ಮಾಲೆ ಒಂದು ಡಬ್ಬಿಯಲ್ಲಿ ಮಲಗಿತ್ತು. ಅಂದು ಗುರುವಾರ. ಡಬ್ಬಿಗೆ ಒರಗಿಕೊಂಡು ಹತ್ತು ಮೊಟ್ಟೆ.

"ಹೂವಿನ ಪಕ್ಕ ಮೊಟ್ಟೆ ಇಟ್ಟಿದೀಯಲ್ಲೇ!"

"ಅದು ನಿಧಿಗೆ, ಡಾಕ್ಟ್ರು ಹೇಳಿದಾರೆ. ಡಬ್ಬಿ ಏರ್‌ಟೈಟ್ ಅಕ್ಕ."

"ಶಿವನಿಗೆ ಏರ್‌ಟೈಟ್ ಎಲ್ಲಾ ಗೊತ್ತಾಗುತ್ತಾ?"

ನಿಧಿ ಪುಸ್ತಕದಿಂದ ತಲೆಯೆತ್ತಿ, "ದೊಡ್ಡಮ್ಮ, ಶಿವನಿಗೆ ಎಲ್ಲಾನೂ ಗೊತ್ತಾಗುತ್ತೆ ಅಂತ ನೀವೇ ಹೇಳ್ತಿದ್ರಿ" ಅಂದಳು. ಓದುವ ಮಕ್ಕಳ ಎದುರು ಮಾತಾಡುವುದು ಕಷ್ಟ.

ಹೊಸ ಹೂವು ಹುಡುಕಲು ಅಕ್ಕತಂಗಿಯರು ದೊಡ್ಡ ರಸ್ತೆಗೆ ಹೋದೆವು. ರಸ್ತೆಯ ಹೆಸರಿಗೆ ಅರ್ಥ ಹಣ್ಣಿನ ತೋಟವಂತೆ. ಅಲ್ಲಿ ಕೈಗಡಿಯಾರ ಬೆಳೆಯುತ್ತದೆ, ಚಪ್ಪಲಿ ಬೆಳೆಯುತ್ತದೆ, ನನ್ನ ಸೊಂಟದೆತ್ತರದ ಚರ್ಮದ ಚೀಲಗಳು ಬೆಳೆಯುತ್ತವೆ. ರಸ್ತೆ ದಾಟಲು ನೆಲದಡಿ ಇಳಿಯಬೇಕು. ಇಳಿದರೆ ಅಲ್ಲೂ ಅಂಗಡಿ. ಒಂದು ಕಡೆ ಶೈಲಾಳ ಕೈ ತಪ್ಪಿತು. ನಾನು ತಾನಾಗಿಯೇ ಓಡುವ ಏಣಿ ಹತ್ತಿದೆ, ಸೆಂಟು ಮಾರುವ ಹುಡುಗಿಯೊಬ್ಬಳು ನಗುತ್ತ ನನ್ನ ಮಣಿಕಟ್ಟಿಗೆ ಪುಸ್ಸೆಂದು ಹೊಡೆದಳು. ಇಳಿದು, ತಿರುಗಿ, ಬೇರೆ ಏಣಿ ಹತ್ತಿದೆ. ಅದೇ ಹುಡುಗಿ, ಅದೇ ನಗು, ಪುಸ್. ಮೂರನೆಯ ಸಲ ನಾನೇ ಕೈ ಚಾಚಿದೆ. ನಾಲ್ಕನೆಯ ಸಲಕ್ಕೆ ಶೈಲಾ ಸಿಕ್ಕಳು. ವಾಸನೆ ಹಿಡಿದೇ ಬಂದಳೆಂದು ತೋರುತ್ತದೆ.

ಕೊನೆಗೂ ಹೂವಿನಂಗಡಿ ಸಿಕ್ಕಿತು. ಗುಲಾಬಿಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ, ರಿಬ್ಬನ್ನು ಕಟ್ಟಿ, ಕೂಸಿನ ಹಾಗೆ ಮಲಗಿಸಿದ್ದರು. ಅಂಗಡಿಯವಳು "ಹುಟ್ಟುಹಬ್ಬವಾ? ಮದುವೆ ದಿನವಾ?" ಎಂದು ಕೇಳಿದಳು. "ದಿನಾ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಮೂಸಿ ನೋಡಿದೆ, ಪರಿಮಳವಿರಲಿಲ್ಲ. ಅಥವಾ ನನ್ನ ಕೈಯ ಸೆಂಟಿನ ಮುಂದೆ ತಿಳಿಯಲಿಲ್ಲವೇನೋ. ಬರಿಗೈಯಲ್ಲಿ ಮನೆಗೆ ಬಂದು ಮತ್ತೊಮ್ಮೆ ಸ್ನಾನ ಮಾಡಿದೆ.

ಗೋಡೆ

ಮಾರನೆಯ ಬೆಳಗ್ಗೆ ಎಲ್ಲರೂ ಮಲಗಿದ್ದಾಗ ಸ್ನಾನ ಮಾಡಿ, ಪೂಜೆಯ ಬಿಳಿ ಸೀರೆಯುಟ್ಟು ಹೊರಗೆ ಬಂದೆ. ಆ ಊರಿನಲ್ಲಿ ಸೂರ್ಯನಿಗೂ ಅವಸರವಿಲ್ಲ, ಏಳಕ್ಕೆ ಏಳುತ್ತಾನೆ. ಆರೂಮುಕ್ಕಾಲರ ಮಸುಕಿನಲ್ಲಿ ಹಿಂದಿನ ಓಣಿಯಿಂದ ಬಲಕ್ಕೆ ತಿರುಗಿ, ಮತ್ತೆ ಬಲಕ್ಕೆ ತಿರುಗಿ ಒಂದಿಷ್ಟು ದೂರ ನಡೆದಾಗ, ಕೆನೆ ಬಣ್ಣದ ಗೋಡೆಯೊಂದರ ಮೇಲಿನಿಂದ ನಂದಿಬಟ್ಟಲು ಕಂಡಿತು. ಗಿಡದ ತುಂಬ ಬಿಳಿ ಹೂವು. ನಮ್ಮೂರಿನ ನೆಂಟರು ಸಿಕ್ಕಿದಷ್ಟು ಸಂತೋಷವಾಯಿತು. ಎರಡು ಕೊಂಬೆ ಗೋಡೆ ದಾಟಿ ಕಾಲುದಾರಿಯ ಮೇಲೆ ಬಾಗಿದ್ದವು.

ಇಲ್ಲಿ ನಮ್ಮ ಬಡಾವಣೆಯ ಕಾನೂನು ಹೇಳಬೇಕು. ಬಸವೇಶ್ವರನಗರ, ರಾಜಾಜಿನಗರ, ವಿಜಯನಗರಗಳಲ್ಲಿ ಬೆಳಗಿನ ವಾಕಿಂಗಿಗೆ ಹೋಗುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ. ಗೋಡೆಯಿಂದ ಆಚೆ ಬಾಗಿದ ಹೂವು ಬೀದಿಗೆ ಸೇರಿದ್ದು. ಮೊಗ್ಗು ಮುಟ್ಟಬಾರದು, ಗಿಡದಲ್ಲಿ ನಾಲ್ಕಾದರೂ ಬಿಡಬೇಕು. ಕೊಕ್ಕೆ ಕೋಲು ತರುವವರು ದುರಾಸೆಯವರು. ಮನೆಯವರು ಎದ್ದು ಬಂದು ಗದರಿದರೆ "ದೇವರಿಗೆ" ಅನ್ನಬೇಕು. ಆಮೇಲೂ ಗದರಿದರೆ ಪಾಪ ಅವರಿಗೆ. ನಾನು ಕಾಮಾಕ್ಷಿಪಾಳ್ಯದ ಕಡೆಯವರೆಗೆ ನಡೆದು ಹೋಗಿ ಕಣಗಿಲೆ ತಂದಿದ್ದೇನೆ. ಹಾಗೆಯೇ ನನ್ನ ಮನೆಯ ದಾಸವಾಳವನ್ನು ಕಾಯಲು ಬೆಳಗ್ಗೆ ಐದಕ್ಕೆ ಕಿಟಕಿಯ ಪರದೆಯ ಹಿಂದೆ ನಿಂತೂ ಇದ್ದೇನೆ. ನಾವು ತಂದರೆ ಬಿಡಿಸಿದ್ದು, ಬೇರೆಯವರು ತಂದರೆ ಕಿತ್ತದ್ದು.

ಆದ್ದರಿಂದ ನಾನು ಎರಡು ಸಲ ಯೋಚಿಸಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಕವರು ತೆಗೆದು, ಅರಳಿದ್ದನ್ನು ಮಾತ್ರ ನೋಡಿ ಹನ್ನೊಂದು ಬಿಡಿಸಿದೆ. ಹನ್ನೊಂದು ಏಕೆಂದರೆ ನಮ್ಮಮ್ಮ ಹನ್ನೊಂದು ಏರಿಸುತ್ತಿದ್ದಳು. ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಐದೂ ದಿನ ಪೂಜೆ ಎಷ್ಟು ತೃಪ್ತಿಯಾಗಿ ನಡೆಯಿತೆಂದರೆ, ಪರದೇಶದಲ್ಲೂ ನನಗಾಗಿ ಒಂದು ಗಿಡ ಇಟ್ಟಿದ್ದಾನಲ್ಲ ಎಂದು ಶಿವನನ್ನು ನೆನೆದು ಕಣ್ಣು ತುಂಬಿ ಬಂತು. ಎಲ್ಲಿ ಸಿಕ್ಕಿತು ಎಂದು ಶೈಲಾ ಕೇಳಿದಾಗ "ಇಲ್ಲೇ ವಾಕಿಂಗಿನಲ್ಲಿ" ಅಂದೆ. ಅವಳು ಬುಧವಾರದ ಚಿಂತೆಯಲ್ಲಿ ಮುಂದೆ ಕೇಳಲಿಲ್ಲ.

ಮಂಗಳವಾರ

ಆ ದಿನ ತಿಂಡಿಯಾದ ಮೇಲೆ ಊರಿನಿಂದ ಯಜಮಾನರ ಫೋನು ಬಂತು.

"ಏನೇ, ಹೇಗಿದೆ ಸಿಂಗಪುರ?"

"ಚೆನ್ನಾಗಿದೆ ರೀ. ಗಿಡಕ್ಕೆ ನೀರು ಹಾಕ್ತಿದೀರಾ?"

"ಹಾಕ್ತಿದೀನಿ. ಆದ್ರೆ ಹೂವು ಒಂದೂ ಉಳೀತಿಲ್ಲ ಕಣೇ. ಹಿಂದಿನ ರಸ್ತೆ ಮೇಷ್ಟ್ರು ದಿನಾ ಬಂದು ಕಿತ್ಕೊಂಡು ಹೋಗ್ತಾರೆ. ಇವತ್ತಂತೂ ಕವರ್ ತುಂಬಿತ್ತು."

"ಕೀಳೋವಾಗ ನೀವೇನ್ ಮಾಡ್ತಿದ್ರಿ?"

"ಕಾಫಿ ಕುಡೀತಿದ್ದೆ. ದೇವರಿಗೆ ಅಂದ್ರು, ಸುಮ್ಮನಾದೆ."

ನನಗೆ ಮೈಯೆಲ್ಲ ಉರಿಯಿತು. "ದೇವರಿಗಂತೆ ದೇವರಿಗೆ! ಅಷ್ಟು ಓದಿದ ಮನುಷ್ಯರು, ಇನ್ನೊಬ್ಬರ ಮನೆ ಗಿಡಕ್ಕೆ ಕೈ ಹಾಕೋ ಮುಂಚೆ ಒಂದ್ ಮಾತು ಕೇಳ್ಬೇಕು ಅನ್ನೋ ಜ್ಞಾನ ಬೇಡ್ವಾ? ಕದ್ದ ಹೂವನ್ನ ಯಾವ ದೇವ್ರು ಮುಡೀತಾನ್ರೀ?"

ಮಾತು ಮುಗಿಸಿ ತಿರುಗಿದರೆ ಶೈಲಾ ತನ್ನ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ನಿಂತಿದ್ದಳು. ಅದರಲ್ಲೊಂದು ಫೋಟೊ. ಕೆನೆ ಬಣ್ಣದ ಗೋಡೆ, ತುದಿಗಾಲಲ್ಲಿ ನಿಂತ ಬಿಳಿ ಸೀರೆಯ ಹೆಂಗಸು, ಮೇಲೆತ್ತಿದ ಕೈ, ಹಲ್ಲಿನಲ್ಲಿ ಕಚ್ಚಿಕೊಂಡ ಪ್ಲಾಸ್ಟಿಕ್ ಕವರು.

ನಾನು ಫೋನಿನಲ್ಲಿ "ಆಮೇಲೆ ಮಾಡ್ತೀನಿ" ಎಂದು ಇಟ್ಟೆ.

ಬೀದಿಯವರದೊಂದು ವಾಟ್ಸಾಪ್ ಗುಂಪಿದೆಯಂತೆ. ಅದರಲ್ಲಿ ಯಾರೋ ನನ್ನ ಫೋಟೊ ಹಾಕಿ, ಈ ಹೆಂಗಸಿನ ಗುರುತು ಯಾರಿಗಾದರೂ ಇದೆಯೇ ಎಂದು ಕೇಳಿದ್ದರು. ಗೇಟಿನ ಮುಂದೆ ಎಂದೂ ಕಾಣದ ಜನರೆಲ್ಲ ಅಲ್ಲಿದ್ದರು.

"ಅಮ್ಮ, ದೊಡ್ಡಮ್ಮ ಫೇಮಸ್ಸು. ಹದಿನೇಳು ಜನ ರಿಪ್ಲೈ ಮಾಡಿದಾರೆ" ಎಂದಳು ನಿಧಿ.

"ನೀನು ಓದ್ಕೋ ಹೋಗು!" ಶೈಲಾ ನನ್ನ ಕಡೆ ತಿರುಗಿದಳು. "ಅದು ಯಾರ ಮನೆ ಗೋಡೆ ಗೊತ್ತಾ ಅಕ್ಕ? ನಮ್ಮ ಓನರ್‌ದು."

"ಅದ್ ಹೇಗೇ? ನಾನು ಎರಡು ಸಲ ತಿರುಗಿ ಹೋಗಿದ್ದೆ."

"ಎರಡು ಸಲ ಬಲಕ್ಕೆ ತಿರುಗಿದ್ರೆ ಇದೇ ಮನೆ ಮುಂದಕ್ಕೆ ಬರ್ತೀಯ!"

ಬೆಂಗಳೂರಿನ ಮೇನು, ಕ್ರಾಸು, ಹಂತ ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುವ ನನಗೆ ಈ ಲೆಕ್ಕ ಹೊಳೆದಿರಲಿಲ್ಲ. ಅದರ ಜೊತೆಗೆ ಗೋ ಮೇಡಂ ಶೈಲಾಳಿಗೆ ಬೇರೆಯಾಗಿ ಕಳಿಸಿದ ಸಂದೇಶವೂ ಇತ್ತು. ಇಂಥ ಹೊತ್ತಿನಲ್ಲಿ ಕರಾರಿನ ಮಾತು ಬೇಡ, ಬುಧವಾರ ತಾನು ಬರುವುದಿಲ್ಲ, ಎಂದಿತ್ತು.

"ಒಂಬತ್ತು ವರ್ಷ ಅಕ್ಕ. ಒಂದು ದಿನ ಟಿವಿ ಜೋರಾಗಿ ಹಾಕಿಲ್ಲ. ಒಗ್ಗರಣೆಗೆ ಇಂಗು ಹಾಕೋವಾಗ ಕಿಟಕಿ ಮುಚ್ಚಿದೀನಿ. ನೀನು ಐದೇ ದಿನದಲ್ಲಿ..." ಅವಳಿಗೆ ಅಳು ಬಂತು. ಅಳುವಾಗಲೂ ಮೆಲ್ಲಗೇ ಅತ್ತಳು.

ಬುಧವಾರ ನನಗೆ ನಿಧಿಯ ಪ್ಯಾಂಟು, ಟೋಪಿ, ಕಪ್ಪು ಕನ್ನಡಕ ಹಾಕಿಸಿ, ಇನ್ನು ಮೇಲೆ ಹೀಗೇ ಇರಬೇಕೆಂದು ಶೈಲಾ ಅಪ್ಪಣೆ ಮಾಡಿದಳು. ಕನ್ನಡಿ ನೋಡಿಕೊಂಡೆ. ಸೀರೆಯಲ್ಲಿ ಅಷ್ಟೇನೂ ಕಳ್ಳಿಯಂತೆ ಕಾಣದ ನಾನು ಆ ವೇಷದಲ್ಲಿ ಪಕ್ಕಾ ಕಳ್ಳಿಯಾಗಿದ್ದೆ. ಅಂದು ಬರೀ ನೀರು, ವಿಭೂತಿಯಲ್ಲಿ ಪೂಜೆ ಮಾಡಿದೆ. ಲಿಂಗ ಅಂಗೈಯಲ್ಲಿತ್ತು. ಮೇಷ್ಟ್ರನ್ನು ಬೈದ ನನ್ನ ಮಾತುಗಳೇ ಒಂದೊಂದಾಗಿ ಕಿವಿಗೆ ಬಂದವು. ಕಾಫಿ ಲೋಟದಲ್ಲೇ ಆರಿತು.

ಮುಂದಿನ ಗೇಟು

ಗುರುವಾರ ಶೈಲಾ ತರಕಾರಿಗೆ ಹೋದ ಹೊತ್ತು ನೋಡಿ ಸೀರೆಯುಟ್ಟೆ. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಊರಿನಿಂದ ತಂದ ಕೋಡುಬಳೆಗಳಲ್ಲಿ ಮುರಿಯದೆ ಉಳಿದಿದ್ದ ಏಳನ್ನು ಡಬ್ಬಿಗೆ ಹಾಕಿಕೊಂಡೆ. ಎರಡು ಸಲ ಬಲಕ್ಕೆ ತಿರುಗಿ ಗೋ ಮೇಡಂ ಗೇಟಿನ ಕರೆಗಂಟೆ ಒತ್ತಿದೆ.

ಬಾಗಿಲು ತೆರೆದವಳು ಅವರ ಮನೆಗೆಲಸದ ರೋಸಾ. ನನ್ನನ್ನು ಕಂಡವಳೇ ತಲೆ ತಗ್ಗಿಸಿ ದಾರಿ ಬಿಟ್ಟಳು. ಒಳಗಿನಿಂದ ಮೇಡಂ ಬಂದರು. ಕುಳ್ಳಗೆ, ಚುರುಕಾಗಿ, ಕತ್ತರಿಸಿದ ಬಿಳಿ ಕೂದಲು, ಬೂದು ಬಣ್ಣದ ಅಂಗಿ. ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಇಂಗ್ಲಿಷು ಬ್ಯಾಂಕಿನ ಫಾರಂ ತುಂಬುವಷ್ಟು. ಅವರದು ಬಲು ವೇಗ, ಮಂಡ್ಯದ ಕಡೆಯವರ ಹಾಗೆ ಮಾತಿನ ಕೊನೆಗೊಂದು "ಲಾ". ನಮ್ಮ ಮಾತುಕತೆಯನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಯಾರು?" ಎಂದು ಬಹಳ ಮೆತ್ತಗೆ ಕೇಳಿದರು.

ಹೂವು ಕಿತ್ತವರು ಯಾರೆಂದು ಕೇಳುತ್ತಿದ್ದಾರೆ ಅಂದುಕೊಂಡೆ. "ನಾನೇ."

ಮೇಡಂ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ರೋಸಾ ಎರಡು ಹೆಜ್ಜೆ.

"ನೀನೇ?"

"ಹೌದು, ನಾನೇ. ಐದು ದಿನದಿಂದ. ಶೈಲಾಗೆ ಇದೇನೂ ಗೊತ್ತಿಲ್ಲ, ತಪ್ಪು ನನ್ನದು."

ರೋಸಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಮೇಡಂ ಧೈರ್ಯ ಮಾಡಿ ಒಂದು ಬೆರಳಿನಿಂದ ನನ್ನ ತೋಳು ಒತ್ತಿ ನೋಡಿದರು. ತೋಳು ಗಟ್ಟಿಯಾಗೇ ಇತ್ತು.

"ಸತ್ತವರು ಯಾರು ಅಂತ ಕೇಳಿದೆ" ಎಂದರು.

"ಸತ್ತವರಾ? ಯಾರೂ ಸತ್ತಿಲ್ಲವಲ್ಲ!"

ಆಗ ಎಲ್ಲ ಬಿಡಿಸಿ ಹೇಳಿದರು. ಅವರ ಪದ್ಧತಿಯಲ್ಲಿ ಬಿಳಿ ಹೂವು ಸಾವಿನ ಮನೆಗೆ. ಫೋಟೊ ನೋಡಿ, ಆ ಬೀದಿಯಲ್ಲಿ ಸೀರೆ ಉಡುವವರು ಶೈಲಾಳ ಅಕ್ಕನೇ ಇರಬೇಕೆಂದು ಗುರುತಿಸಿದ್ದರು. ಬಿಳಿ ಸೀರೆಯುಟ್ಟು ದಿನವೂ ಬಿಳಿ ಹೂವು ಒಯ್ಯುತ್ತಾಳೆಂದರೆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಸೂತಕದ ಮನೆಯ ಜೊತೆ ಕರಾರು ಮಾಡಿದರೆ ಎರಡೂ ಕಡೆಗೆ ಒಳ್ಳೆಯದಲ್ಲ. ಅದಕ್ಕೇ ಬುಧವಾರ ಬರಲಿಲ್ಲ. ಇವತ್ತು ಸಂಜೆ ಮಾತಾಡಿಸಿ ಸಮಾಧಾನ ಹೇಳಿ ಬರೋಣವೆಂದು ಆ ಬೂದು ಅಂಗಿ ತೊಟ್ಟಿದ್ದರು.

"ಯಾರೂ ಸತ್ತಿಲ್ಲ?"

"ಇಲ್ಲ ಮೇಡಂ. ನಮ್ಮ ಯಜಮಾನರ ಮಂಡಿ ನೋವು ಬಿಟ್ಟರೆ ಎಲ್ಲರೂ ಕ್ಷೇಮ."

ಅವರು ಸಮಾಧಾನದ ಉಸಿರು ಬಿಟ್ಟರು. ನಾನೂ ಬಿಟ್ಟೆ. ನನ್ನ ಉಸಿರು ಇನ್ನೂ ಪೂರ್ತಿ ಹೊರಬಂದಿರಲಿಲ್ಲ, ಅವರ ಮುಖ ಕೆಂಪಾಯಿತು.

"ಹಾಗಾದರೆ ನನ್ನ ಹೂವು ಯಾಕೆ ಕಿತ್ತೆ?"

ಸತ್ತವರ ಮನೆಯವಳಾಗಿ ನನಗೆ ಸಿಕ್ಕಿದ್ದ ಮರ್ಯಾದೆ ಅಲ್ಲಿಗೆ ಮುಗಿಯಿತು.

"ದೇವರಿಗೆ" ಅಂದೆ. ಆ ಮಾತು ಆ ಊರಿನಲ್ಲಿ ನಡೆಯುವುದಿಲ್ಲವೆಂದು ಹೇಳುವಾಗಲೇ ಗೊತ್ತಾಯಿತು.

"ನಿನ್ನ ದೇವರು ಎಲ್ಲಿಂದ ತಂದೆ ಅಂತ ಕೇಳುವುದಿಲ್ಲವಾ? ಯಾರೋ ಸತ್ತಿದ್ದರೆ ಸೂತಕ ಕಳೆದ ಕೂಡಲೇ ಕರಾರು ಮಾಡಿಕೊಡುತ್ತಿದ್ದೆ. ಈಗ ಯೋಚನೆ ಮಾಡಬೇಕಾಗುತ್ತದೆ ಲಾ! ಕೇಳದೆ ಮುಟ್ಟುವವರನ್ನು ಮನೆಯೊಳಗೆ ಹೇಗೆ ಇಟ್ಟುಕೊಳ್ಳಲಿ?"

ಕಣ್ಣ ಮುಂದೆ ಮೆಲ್ಲಗೆ ಅಳುವ ಶೈಲಾ ಬಂದಳು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ, ಅಷ್ಟು ಇಂಗ್ಲಿಷೂ ಇಲ್ಲ.

"ಮೇಡಂ, ನಮ್ಮ ಮನೆಯಲ್ಲೂ ಹೂವಿನ ಗಿಡವಿದೆ. ಕೇಳದೆ ಕಿತ್ತವರಿಗೆ ನಾನೂ ಹೀಗೇ ಕೂಗಾಡುತ್ತೇನೆ, ನೀವು ಈಗ ಹೇಳಿದ ಮಾತುಗಳನ್ನೇ ಹೇಳುತ್ತೇನೆ. ಆಮೇಲೆ ಕವರು ತೆಗೆದುಕೊಂಡು ಬೇರೆಯವರ ಗಿಡಕ್ಕೆ ಹೋಗುತ್ತೇನೆ. ಮೂವತ್ತು ವರ್ಷದಿಂದ ಹೀಗೇ. ಎರಡೂ ನಾನೇ ಎಂದು ಮೊನ್ನೆ ಮಂಗಳವಾರದವರೆಗೆ ಹೊಳೆದಿರಲಿಲ್ಲ. ಅದಕ್ಕೆ ನನಗೆ ಶಿಕ್ಷೆ ಕೊಡಿ. ಆ ಮಗುವಿನ ಪರೀಕ್ಷೆಗೆ ಕೊಡಬೇಡಿ."

ಮೇಡಂ ಗೋಡೆಯ ಪಕ್ಕದ ಗಿಡದ ಕಡೆ ತಿರುಗಿ ನೋಡಿದರು. ಆಮೇಲೆ, "ಆ ಗಿಡ ನನಗೆ ಇಷ್ಟವೇ ಇಲ್ಲ. ಗೇಟಿನ ಪಕ್ಕ ಬಿಳಿ ಹೂವು, ನೋಡಿದರೆ ಹೆದರಿಕೆ. ಆದರೂ ಅದು ನನ್ನದು" ಎಂದರು.

"ಗೊತ್ತು ಮೇಡಂ. ನನಗೂ ನನ್ನ ದಾಸವಾಳದ ಹೂವು ಅಷ್ಟು ಬೇಕಾಗುವುದಿಲ್ಲ. ಆದರೂ ಪರದೆ ಹಿಂದೆ ನಿಂತಿರುತ್ತೇನೆ."

"ನೀನೂ ಪರದೆ ಹಿಂದೆ ನಿಲ್ಲುತ್ತೀಯಾ?" ಅವರ ದನಿ ಬದಲಾಯಿತು. ತಮ್ಮ ಮಾವಿನ ಮರವನ್ನು ತಾವು ಯಾರ್ಯಾರಿಂದ ಹೇಗೆ ಕಾಯುತ್ತೇವೆಂದು ಹತ್ತು ನಿಮಿಷ ಹೇಳಿದರು. ಎಲ್ಲ ಅರ್ಥವಾಗಲಿಲ್ಲ, ಆದರೆ ಎಲ್ಲದಕ್ಕೂ ನಾನು ಹೂಂಗುಟ್ಟಿದೆ.

ಒಳಗೆ ಕರೆದು ದೇವರ ಕೋಣೆ ತೋರಿಸಿದರು. ಕೆಂಪು ದೀಪ, ಹಳದಿ ಸೇವಂತಿಗೆ, ಜೋಡಿ ಜೋಡಿಯಾಗಿ ಕಿತ್ತಳೆ. ನಾನು ಕೈ ಮುಗಿದು ಕೋಡುಬಳೆ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಎಣಿಸಿದರು.

"ಏಳು ಒಳ್ಳೆಯದಲ್ಲ. ಜೋಡಿ ಇರಬೇಕು" ಎಂದು ಒಂದನ್ನು ನನ್ನ ಕೈಗೇ ವಾಪಸು ಹಾಕಿದರು. "ಹೂವು ಎಷ್ಟು ಕೀಳುತ್ತಿದ್ದೆ?"

"ಹನ್ನೊಂದು."

"ಅಯ್ಯೋ!" ಎಂಬಂಥದ್ದೇನೋ ಚೀನೀಯಲ್ಲಿ ಅಂದರು. ಕರಾರಿನ ಮಾತು ಆಡಲಿಲ್ಲ. ನಾನು ಕೋಡುಬಳೆ ಹಿಡಿದುಕೊಂಡು ಹಿಂದಿನ ಓಣಿಗೆ ಬಂದೆ.

ಕರಾರು

ಶುಕ್ರವಾರವಿಡೀ ಸುದ್ದಿಯಿಲ್ಲ. ನಾನು ಅಲ್ಲಿಗೆ ಹೋಗಿದ್ದೆನೆಂದು ತಿಳಿದು ಶೈಲಾ ಅರ್ಧ ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಶನಿವಾರ ಬೆಳಗ್ಗೆ ಗೋ ಮೇಡಂ ಕಣ್ಣು ಕುಕ್ಕುವ ಕೆಂಪು ಅಂಗಿ ತೊಟ್ಟು ಬಂದರು. ಕೈಯಲ್ಲಿ ಕಾಗದಗಳು. ಊರಿಂದೂರಿಗೆ ತಿರುಗುವ ಕೆಲಸದ ಮಹೇಶ ಹಿಂದಿನ ರಾತ್ರಿಯಷ್ಟೇ ಬಂದಿದ್ದ. ಏನು ನಡೆದಿದೆಯೆಂದು ತಿಳಿಯದೆ ಎಲ್ಲರ ಮುಖ ನೋಡುತ್ತ ಕೂತಿದ್ದ.

ನಿಧಿ ಕಾಗದ ಓದಿದಳು. ಎರಡು ವರ್ಷ. ಕೊನೆಯ ಪುಟದಲ್ಲಿ ಮೇಡಂ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದರು. ಅವಳು ಅದನ್ನು ಕನ್ನಡದಲ್ಲಿ ಹೇಳಿದಳು: "ಬಾಡಿಗೆದಾರರ ಅಕ್ಕ ಇರುವವರೆಗೆ, ಬೆಳಗ್ಗೆ ಬಿಳಿ ಹೂವು, ಹನ್ನೆರಡು. ಮೊದಲು ಕರೆಗಂಟೆ ಒತ್ತಿ ಕೇಳತಕ್ಕದ್ದು."

"ಹನ್ನೊಂದು ಸಾಕಿತ್ತಲ್ಲ" ಅಂದೆ.

"ಅಕ್ಕಾ!" ಎಂದು ಶೈಲಾ ಮೊದಲ ಬಾರಿಗೆ ಆ ಮನೆಯಲ್ಲಿ ಜೋರಾಗಿ ಕೂಗಿದಳು. ಕಿಟಕಿಗಳು ತೆರೆದಿದ್ದವು. ಯಾರೂ ಏನೂ ಅನ್ನಲಿಲ್ಲ. ಮಹೇಶ ಸಹಿ ಹಾಕಿದ.

ಹೂವು ಕದಿಯುವುದಕ್ಕಿಂತ ಕೇಳುವುದು ಎಷ್ಟು ಕಷ್ಟವೆಂದು ಭಾನುವಾರ ತಿಳಿಯಿತು. ಆರೂಮುಕ್ಕಾಲಿಗೆ ಗಂಟೆ ಒತ್ತಿ, ಸೆರಗು ಸರಿಮಾಡಿಕೊಂಡು ನಿಂತೆ. ಬಹಳ ಹೊತ್ತಿನ ಮೇಲೆ ಗೋಡೆಗೆ ಹಾಕಿದ ಮಾತಾಡುವ ಡಬ್ಬಿಯಿಂದ ಮೇಡಂ ಅವರ ನಿದ್ದೆಗಣ್ಣಿನ ದನಿ: "ಯಾರು?"

"ನಾನು. ಹೂವು."

"ತಗೋ."

ಕರಾರು ಕರಾರೇ. ಸೋಮವಾರವೂ ಒತ್ತಿದೆ. "ತಗೋ, ತಗೋ ಲಾ." ಮಂಗಳವಾರ ಡಬ್ಬಿ ಮಾತಾಡಲಿಲ್ಲ. ಮಹಡಿಯ ಕಿಟಕಿ ತೆರೆದು, ಕೂದಲು ಕೆದರಿದ ತಲೆಯೊಂದು ಹೊರಬಂದು, ಕೈಯಿಂದ ತಗೋ ತಗೋ ಎಂದು ಗಾಳಿಯನ್ನು ಹೊಡೆದು ಒಳಗೆ ಹೋಯಿತು. ಅವರು ಎಂಟರವರೆಗೆ ಮಲಗುವವರೆಂದು ನನಗೆ ಯಾರೂ ಹೇಳಿರಲಿಲ್ಲ.

ಬುಧವಾರ ನಂದಿಬಟ್ಟಲ ಕೊಂಬೆಗೆ ಕೆಂಪು ದಾರದಲ್ಲಿ ಒಂದು ರಟ್ಟು ತೂಗುತ್ತಿತ್ತು. ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ಕಿತ್ತುಕೊಳ್ಳಿ. ಗಂಟೆ ಒತ್ತಬೇಡಿ.

ಕೇಳತಕ್ಕದ್ದು ಎಂದು ಕರಾರಿನಲ್ಲಿದೆ, ಕೇಳಬೇಡಿ ಎಂದು ಗಿಡದ ಮೇಲಿದೆ. ಎರಡೂ ಅವರದೇ ಕೈಬರಹ. ನಾನು ಕವರು ಹಿಡಿದು ಸುಮಾರು ಹೊತ್ತು ನಿಂತೆ. ಕೈ ಚಾಚಿದರೆ ಮೊದಲಿನಂತೆ ಸಲೀಸಾಗಿ ಹೋಗಲೊಲ್ಲದು. ಕೊನೆಗೆ ಅತ್ತಿತ್ತ ನೋಡಿ, ಕೊಂಬೆಯ ಹತ್ತಿರ ಮುಖ ತಂದು, ಮೆಲ್ಲಗೆ ಕನ್ನಡದಲ್ಲೇ ಗಿಡವನ್ನು ಕೇಳಿದೆ: "ಹನ್ನೆರಡು ತಗೋತೀನಮ್ಮ, ಆಗಬಹುದಾ?"

ಅದು ಬೇಡ ಅನ್ನಲಿಲ್ಲ. ಎಣಿಸಿ ಹನ್ನೆರಡು ಬಿಡಿಸಿಕೊಂಡೆ.